ಬೂದಿಯ ಕೆಳಗಿನ ಕೆಂಡ

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಉಮ್ಮನವರನ್ನು ಮಂಗಳೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಮೂತ್ರದ ಸೋಂಕಿನಿಂದ ಆರಂಭವಾದ ಜ್ವರವದು. ಸಕ್ಕರೆ ಕಾಯಿಲೆಯವರಿಗೆ ಇಂತಹ ಸೋಂಕು ಹೊಸತೇನಲ್ಲವೆಂದು ಎರಡು ದಿನ ಪ್ಯಾರಾಸಿಟಮಾಲ್ ಕೊಟ್ಟು ಮನೆಯಲ್ಲಿಯೇ ಇರಿಸಿಕೊಂಡೆವು. ಚಳಿಯಿಂದ ಹಲ್ಲು ಕಟಕಟಿಸುತ್ತಿದ್ದುದನ್ನು ಕಂಡೂ ಕಂಬಳಿ ಹೊದಿಸಿದೆವೇ ಹೊರತು ವಾಹನ ಕರೆಸಲಿಲ್ಲ. ಈ ತಪ್ಪು ನಮ್ಮದು. ಮೂರನೆಯ ದಿನ ಮಗ್‌ರಿಬ್‌ನ ಹೊತ್ತಿಗೆ ಅವರು ನಮ್ಮ ಹೆಸರನ್ನು ತಪ್ಪಾಗಿ ಕರೆದಾಗಲೇ ನಮಗೆ ಭಯ ಹುಟ್ಟಿದ್ದು.

ಸೆಪ್ಸಿಸ್ ಎಂದರು ವೈದ್ಯರು. ಆ ಪದವನ್ನು ನಾವು ಮೊದಲು ಕೇಳಿದ್ದು ಅಂದೇ.

ದಿನಕ್ಕೆ ಎರಡು ಬಾರಿ, ಐದೈದು ನಿಮಿಷ ಮಾತ್ರ ಒಳಗೆ ಬಿಡುತ್ತಿದ್ದರು. ಗಂಟಲಿನಲ್ಲಿ ವೆಂಟಿಲೇಟರಿನ ಕೊಳವೆ, ಕುತ್ತಿಗೆಯ ನರದಲ್ಲಿ ರಕ್ತದೊತ್ತಡದ ಮದ್ದು, ಬದಿಯಲ್ಲಿ ಡಯಾಲಿಸಿಸ್ ಯಂತ್ರ. ಇವೆಲ್ಲದರ ಮೇಲೆ ಒಂದು ಪರದೆ. ಅದರಲ್ಲಿ ನೀಲಿ ಅಕ್ಷರಗಳಲ್ಲಿ ಆಮ್ಲಜನಕದ ಅಂಕಿ: 98. ಕೋವಿಡ್ ಕಾಲದಲ್ಲಿ ಊರಿನವರೆಲ್ಲ ಬೆರಳಿಗೆ ಆ ಪುಟ್ಟ ಯಂತ್ರವನ್ನು ಸಿಕ್ಕಿಸಿಕೊಂಡು ಕಲಿತಿದ್ದ ಪಾಠವೊಂದೇ, 94ಕ್ಕಿಂತ ಕೆಳಗಿಳಿಯಬಾರದು ಎಂಬುದು. ಇಲ್ಲಿ 98 ಇದೆ. ಆದರೂ ಮೂತ್ರಪಿಂಡ ನಿಂತಿದೆ, ಯಕೃತ್ತು ಸೋತಿದೆ, ಪ್ರಜ್ಞೆಯಿಲ್ಲ. ಇದು ಹೇಗೆಂದು ಅಲ್ಲಿದ್ದ ಯುವ ವೈದ್ಯೆಯನ್ನು ಕೇಳಿದೆವು.

"ಉಸ್ತಾದರೇ, ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದೆ. ಜೀವಕೋಶಗಳು ಅದನ್ನು ಬಳಸಿಕೊಳ್ಳುತ್ತಿಲ್ಲ," ಎಂದರು ಅವರು. ಅಷ್ಟು ಹೇಳಿ ಮತ್ತೊಂದು ಹಾಸಿಗೆಯ ಕಡೆಗೆ ಓಡಿದರು.

ಆರನೆಯ ದಿನ ಕುಟುಂಬದವರೆಲ್ಲ ಆಸ್ಪತ್ರೆಯ ಮೆಟ್ಟಿಲಿನ ಬಳಿ ಸೇರಿದೆವು. ಜಿದ್ದಾದಿಂದ ಅಣ್ಣ ಫೋನಿನಲ್ಲಿ, "ಇನ್ನೂ ಬಲವಾದ ಮದ್ದು ಕೊಡಲು ಹೇಳು, ಹಣದ ಚಿಂತೆ ಬೇಡ," ಎನ್ನುತ್ತಿದ್ದರು. ಹಿರಿಯರೊಬ್ಬರು, "ಕಿಡ್ನಿ ಹೋಯಿತಂತೆ, ಲಿವರ್ ಹೋಯಿತಂತೆ, ಇನ್ನೇನು ಉಳಿದಿದೆ? ಮನೆಗೆ ಕರೆದೊಯ್ದು ಕಿವಿಯಲ್ಲಿ ಕಲಿಮ ಹೇಳೋಣ," ಎಂದರು. ಎರಡೂ ಪ್ರೀತಿಯಿಂದ ಬಂದ ಮಾತುಗಳೇ. ತಂಗಿ ಅಳುತ್ತಿದ್ದಳು. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆಂಬ ಕಾಗದವನ್ನು ತರಿಸಿಕೊಂಡು, ಸಹಿಗಾಗಿ ಜೇಬಿನಿಂದ ಪೆನ್ನು ತೆಗೆದವರು ನಾವೇ. ಅಷ್ಟರಲ್ಲಿ ಅದೇ ವೈದ್ಯೆ ಬಂದರು. "ಉಸ್ತಾದರೇ, ಉಳಿಸಿಯೇ ತೀರುತ್ತೇವೆಂದು ನಾನು ಹೇಳುವುದಿಲ್ಲ. ಆದರೆ ಅಮ್ಮನ ಮೂತ್ರಪಿಂಡ ಸತ್ತಿಲ್ಲ, ಕೆಲಸ ನಿಲ್ಲಿಸಿದೆ. ಇವೆರಡೂ ಒಂದೇ ಅಲ್ಲ," ಎಂದರು.

ಪೆನ್ನನ್ನು ಜೇಬಿಗೆ ಮರಳಿಸಿದೆವು.

ಹತ್ತನೆಯ ದಿನ ಮೂತ್ರದ ಚೀಲದಲ್ಲಿ 40 ಮಿಲಿಲೀಟರ್ ಕಂಡಿತು. ಮರುದಿನ 300. ಅಲ್‌ಹಮ್ದುಲಿಲ್ಲಾಹ್ ಎಂಬ ಪದವನ್ನು ಮೂತ್ರದ ಚೀಲವನ್ನು ನೋಡಿಕೊಂಡು ಹೇಳುವ ದಿನವೂ ಬರಬಹುದೆಂದು ನಾವು ಊಹಿಸಿರಲಿಲ್ಲ. ಆದರೆ ಪಕ್ಕದ ಹಾಸಿಗೆಯಲ್ಲಿದ್ದ ಹಿರಿಯರು ಅದೇ ಕಾಯಿಲೆಯಿಂದ ಎಂಟನೆಯ ದಿನ ತೀರಿಕೊಂಡಿದ್ದರು. ಅವರ ಮಗ ನಮ್ಮೊಡನೆ ಅದೇ ಬೆಂಚಿನಲ್ಲಿ ಕಾದಿದ್ದವನು. ನಮ್ಮಷ್ಟೇ ದುಆ ಮಾಡಿಸಿದ್ದವನು. ಆದುದರಿಂದ ಈ ಲೇಖನವನ್ನು ಗೆದ್ದವರ ಕಥೆಯಾಗಿ ಓದಬೇಡಿರೆಂದು ಓದುಗ ಮಿತ್ರರಲ್ಲಿ ನಮ್ಮ ವಿನಂತಿ.

ಸತ್ತಿಲ್ಲ, ನಿಲ್ಲಿಸಿದೆ ಎಂಬ ಆ ಮಾತು ಮಾತ್ರ ನಮ್ಮನ್ನು ಬಿಡಲಿಲ್ಲ. ಸತ್ತದ್ದಕ್ಕೂ ನಿಂತದ್ದಕ್ಕೂ ಇರುವ ಅಂತರವನ್ನು ವೈದ್ಯಲೋಕ ಎಲ್ಲಿಂದ ಕಲಿಯಿತು? ನಮ್ಮಲ್ಲಿ ಕನ್ನಡವನ್ನೂ ಅರಬಿ ಅಕ್ಷರವನ್ನೂ ಕಲಿತಿದ್ದ ಒಬ್ಬ ಹುಡುಗ ಈಗ ವೈದ್ಯಕೀಯ ಶಿಕ್ಷಣದ ಕೊನೆಯ ವರ್ಷದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಾಗ ಅವನನ್ನು ಕೂರಿಸಿಕೊಂಡು, ಅಸರ್‌ನಿಂದ ಇಶಾದವರೆಗೆ ಮೂರು ಸಂಜೆ ಕೇಳಿ ತಿಳಿದೆವು. ಗುರು ಶಿಷ್ಯನ ಮುಂದೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವುದರಲ್ಲಿಯೂ ಒಂದು ಸುಖವಿದೆ. ಅವನು ಮತ್ತೆ ಮತ್ತೆ ಹೇಳುತ್ತಿದ್ದ ಹೆಸರು ಮರ್ವಿನ್ ಸಿಂಗರ್ ಎಂಬುದಾಗಿತ್ತು.

ಸಿಂಗರ್ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ತೀವ್ರ ನಿಗಾ ವೈದ್ಯಶಾಸ್ತ್ರದ ಪ್ರಾಧ್ಯಾಪಕರು. ಪ್ರಯೋಗಾಲಯದಲ್ಲಿಯೂ ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಒಟ್ಟಿಗೆ ದುಡಿದವರು. ಸೆಪ್ಸಿಸ್ ಎಂದರೇನು ಎಂಬುದಕ್ಕೆ ಇಂದು ವೈದ್ಯರು ಬಳಸುವ ವ್ಯಾಖ್ಯೆಯನ್ನು 2016ರಲ್ಲಿ ಪ್ರಕಟಿಸಿದ ಅಂತಾರಾಷ್ಟ್ರೀಯ ತಂಡದ ಮುಂದಾಳುಗಳಲ್ಲಿ ಅವರೊಬ್ಬರು. ಆ ವ್ಯಾಖ್ಯೆಯ ತಿರುಳು ಇಷ್ಟು: ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆಯೇ ಹದ ತಪ್ಪಿ, ದೇಹದ ಅಂಗಗಳೇ ಅಪಾಯಕ್ಕೆ ಸಿಲುಕುವ ಸ್ಥಿತಿಯೇ ಸೆಪ್ಸಿಸ್. ರೋಗಾಣು ಹೊತ್ತಿಸಿದ ಕಿಡಿ ಸಣ್ಣದಿರಬಹುದು, ಮನೆಯನ್ನು ಸುಡುವುದು ಅದನ್ನು ನಂದಿಸಲು ಹೊರಟವರ ಗದ್ದಲ. ಕೋವಿಡ್‌ನ ಆರಂಭದಲ್ಲಿ, 2020ರಲ್ಲಿ, ವೆಂಟಿಲೇಟರುಗಳ ಕೊರತೆಯಾದಾಗ ಅದೇ ಕಾಲೇಜಿನ ಎಂಜಿನಿಯರುಗಳೂ ವೈದ್ಯರೂ ಮರ್ಸಿಡಿಸ್ ಕಂಪನಿಯ ರೇಸ್ ಕಾರಿನ ಎಂಜಿನ್ ತಯಾರಕರೊಡನೆ ಸೇರಿ 100 ಗಂಟೆಗಳೊಳಗೆ ಉಸಿರಾಟದ ಸಾಧನವೊಂದನ್ನು ಸಿದ್ಧಪಡಿಸಿದರು. ಅದರ ವಿನ್ಯಾಸವನ್ನು ಇತರ ದೇಶಗಳಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಆ ತಂಡದಲ್ಲಿಯೂ ಸಿಂಗರ್ ಇದ್ದರು. ಇದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದಲ್ಲ. ಆದರೂ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಅವರ ಕೆಲಸವನ್ನು ತಿಳಿಯಬೇಕಾದರೆ ಜೀವಕೋಶದೊಳಗಿನ ಅಡುಗೆಮನೆಯನ್ನು ಒಮ್ಮೆ ನೋಡಬೇಕು. ನಾವು ಉಂಡ ಅನ್ನವೂ ಉಸಿರಾಡಿದ ಗಾಳಿಯೂ ಕೊನೆಗೆ ಸೇರುವುದು ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಕಣಗಳಲ್ಲಿ. ಒಂದೊಂದು ಜೀವಕೋಶದಲ್ಲಿ ಇವು ನೂರಾರು, ಕೆಲವದರಲ್ಲಿ ಸಾವಿರಾರು. ಕೆಂಪು ರಕ್ತಕಣಗಳಲ್ಲಿ ಮಾತ್ರ ಇವಿಲ್ಲ. ಆಮ್ಲಜನಕವನ್ನು ಹೊತ್ತು ತರುವವನು ದಾರಿಯಲ್ಲಿ ಅದನ್ನು ತಿಂದು ಮುಗಿಸದಿರಲೆಂಬಂತೆ. ಆಹಾರವನ್ನು ಆಮ್ಲಜನಕದೊಡನೆ ಉರಿಸಿ ಎಟಿಪಿ ಎಂಬ ಇಂಧನವನ್ನು ತಯಾರಿಸುವುದು ಮೈಟೊಕಾಂಡ್ರಿಯದ ಕೆಲಸ. ಉರಿಸುವುದೆಂದರೆ ನೇರವಾಗಿ ಸುಡುವುದಲ್ಲ. ಲಿಂಗನಮಕ್ಕಿಯಲ್ಲಿ ನೀರನ್ನು ತಡೆದು ನಿಲ್ಲಿಸಿ, ಅದು ಕೆಳಗೆ ಧುಮುಕುವ ರಭಸದಿಂದ ಶರಾವತಿಯ ಟರ್ಬೈನುಗಳನ್ನು ತಿರುಗಿಸುತ್ತಾರಲ್ಲ, ಹಾಗೆ ಇಲ್ಲಿ ಪ್ರೋಟಾನುಗಳನ್ನು ತೆಳ್ಳನೆಯ ಪೊರೆಯೊಂದರ ಆಚೆ ಕೂಡಿಟ್ಟು, ಅವು ಮರಳಿ ಹರಿದು ಬರುವ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಆ ತಿರುಗಣೆಯಲ್ಲಿ ಎಟಿಪಿ ಹುಟ್ಟುತ್ತದೆ. ಇದನ್ನು ಮೊದಲು ಹೇಳಿದ ಪೀಟರ್ ಮಿಚೆಲ್ ಅವರ ಮಾತನ್ನು ವರ್ಷಗಳ ಕಾಲ ಬಹುಮಂದಿ ನಂಬಲಿಲ್ಲ. ಅವರು ವಿಶ್ವವಿದ್ಯಾಲಯವನ್ನು ಬಿಟ್ಟು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಹಳೆಯ ಬಂಗಲೆಯೊಂದನ್ನು ದುರಸ್ತಿ ಮಾಡಿ ಅಲ್ಲಿಯೇ ಪ್ರಯೋಗ ಮುಂದುವರಿಸಿದರು. 1978ರಲ್ಲಿ ನೊಬೆಲ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಒಂದು ದಿನದಲ್ಲಿ ನಮ್ಮ ದೇಹವು ತಯಾರಿಸಿ ವ್ಯಯಿಸುವ ಎಟಿಪಿಯ ಒಟ್ಟು ತೂಕ ಸರಿಸುಮಾರು ನಮ್ಮ ದೇಹದ ತೂಕದಷ್ಟೇ ಆಗುತ್ತದೆಯಂತೆ. ಆದರೆ ಯಾವುದೇ ಒಂದು ಗಳಿಗೆಯಲ್ಲಿ ಕೈಯಲ್ಲಿರುವ ದಾಸ್ತಾನು ಅತ್ಯಲ್ಪ. ಅಂದಂದಿನ ದುಡಿಮೆ ಅಂದಂದಿಗೆ.

ಈಗ ಆ ಪರದೆಯ 98ಕ್ಕೆ ಬರೋಣ. ಸೆಪ್ಸಿಸ್‌ನಲ್ಲಿ ಅಂಗಗಳು ಸೋಲುವುದು ರಕ್ತವೂ ಆಮ್ಲಜನಕವೂ ತಲುಪದಿರುವುದರಿಂದಲೇ ಎಂದು ಬಹುಕಾಲ ನಂಬಲಾಗಿತ್ತು. 1995ರಲ್ಲಿ ಸಿಂಗರ್ ಅವರ ತಂಡವು ಬ್ಯಾಕ್ಟೀರಿಯಾದ ವಿಷದಿಂದ ಸೆಪ್ಸಿಸ್‌ನಂತಹ ಸ್ಥಿತಿಗೆ ತಂದ ಇಲಿಗಳ ಮೂತ್ರಕೋಶದ ಒಳಪದರದಲ್ಲಿ ಆಮ್ಲಜನಕವನ್ನು ಅಳೆಯಿತು. ಕಡಿಮೆಯಾಗಿರಬೇಕೆಂದು ಯಾರೂ ಊಹಿಸುವ ಕಡೆ ಅದು ಹೆಚ್ಚಾಗಿತ್ತು. ಅಂದರೆ ಅಕ್ಕಿ ಬಾಗಿಲಿಗೆ ಬಂದು ಬಿದ್ದಿದೆ, ಒಳಗೆ ಒಲೆ ಉರಿಯುತ್ತಿಲ್ಲ.

2002ರಲ್ಲಿ ಡೇವಿಡ್ ಬ್ರೀಲಿ, ಸಿಂಗರ್ ಮತ್ತು ಸಂಗಡಿಗರು 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮನುಷ್ಯರ ಕುರಿತಾದ ಲೆಕ್ಕವನ್ನು ಪ್ರಕಟಿಸಿದರು. ತೀವ್ರ ನಿಗಾ ಘಟಕಕ್ಕೆ ಬಂದು 24 ಗಂಟೆಗಳೊಳಗೆ 28 ಮಂದಿ ಸೆಪ್ಸಿಸ್ ರೋಗಿಗಳಿಂದ ಸ್ನಾಯುವಿನ ಚೂರನ್ನು ತೆಗೆದು ಪರೀಕ್ಷಿಸಲಾಗಿತ್ತು. ಅವರಲ್ಲಿ 16 ಮಂದಿ ಬದುಕಿದರು, 12 ಮಂದಿ ತೀರಿಕೊಂಡರು. ತೀರಿಕೊಂಡವರ ಸ್ನಾಯುವಿನಲ್ಲಿ ಮೊದಲ ದಿನವೇ ಎಟಿಪಿ ಕಡಿಮೆಯಾಗಿತ್ತು. ಉರಿಯೂತದಲ್ಲಿ ದೇಹವು ಅತಿಯಾಗಿ ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಮೈಟೊಕಾಂಡ್ರಿಯದ ಯಂತ್ರಭಾಗಗಳಿಗೆ ಅಡ್ಡಿಯಾಗುತ್ತಿರುವ ಸೂಚನೆಗಳೂ ಅಲ್ಲಿ ದೊರೆತವು. ರೋಗಾಣುವನ್ನು ಕೊಲ್ಲಲು ಹಿಡಿದ ಆಯುಧವೇ ಮನೆಯ ಒಲೆಗೆ ನೀರು ಹೊಯ್ದಂತೆ.

ಇದಕ್ಕಿಂತ ವಿಚಿತ್ರವಾದ ಸಂಗತಿ ಮತ್ತೊಂದಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ರಿಚರ್ಡ್ ಹಾಚ್‌ಕಿಸ್ ಮತ್ತು ಸಂಗಡಿಗರು ಸೆಪ್ಸಿಸ್‌ನಿಂದ ತೀರಿಕೊಂಡವರ ಅಂಗಗಳನ್ನು ಮರಣದ ಬೆನ್ನಿಗೇ ಪರೀಕ್ಷಿಸಿ 1999ರಲ್ಲಿ ಬರೆದರು. ರೋಗನಿರೋಧಕ ಕಣಗಳಲ್ಲಿಯೂ ಕರುಳಿನ ಒಳಪದರದಲ್ಲಿಯೂ ಜೀವಕೋಶಗಳು ಸತ್ತಿದ್ದವು. ಆದರೆ ಕೆಲಸ ನಿಲ್ಲಿಸಿದ್ದ ಹೃದಯ, ಮೂತ್ರಪಿಂಡಗಳಲ್ಲಿ ಸತ್ತ ಜೀವಕೋಶಗಳು ಅಷ್ಟಾಗಿ ಕಾಣಲೇ ಇಲ್ಲ. ಬದುಕಿ ಉಳಿದವರಲ್ಲಿಯೂ ಹೀಗೆಯೇ, ವಾರಗಟ್ಟಲೆ ನಿಂತಿದ್ದ ಅಂಗ ಅನೇಕ ಬಾರಿ ಗಾಯದ ಕಲೆಯನ್ನೂ ಉಳಿಸದೆ ಎದ್ದು ಕೂರುತ್ತದೆ. ಸತ್ತದ್ದು ಹೀಗೆ ಏಳುವುದಿಲ್ಲ.

2004ರಲ್ಲಿ ಸಿಂಗರ್ ಮತ್ತು ಸಹಲೇಖಕರು ಲ್ಯಾನ್ಸೆಟ್‌ನಲ್ಲಿಯೇ ಒಂದು ವಾದವನ್ನು ಮುಂದಿಟ್ಟರು. ಬಹು ಅಂಗಾಂಗ ವೈಫಲ್ಯವೆಂದು ನಾವು ಕರೆಯುವುದು ನಿಜಕ್ಕೂ ವೈಫಲ್ಯವೇ? ಇಂಧನವಿಲ್ಲದ ಹೊತ್ತಿನಲ್ಲಿ ಹಟ ಹಿಡಿದು ದುಡಿದರೆ ಜೀವಕೋಶ ಸಾಯುತ್ತದೆ. ದುಡಿಮೆಯನ್ನೇ ನಿಲ್ಲಿಸಿ ಜೀವವನ್ನಷ್ಟೇ ಹಿಡಿದುಕೊಂಡರೆ ಮುಂದೊಂದು ದಿನ ಏಳಬಹುದು. ಹಿಮಪ್ರದೇಶದ ಪ್ರಾಣಿಗಳು ಚಳಿಗಾಲವನ್ನು ನಿದ್ದೆಯಲ್ಲಿ ಕಳೆಯುವಂತೆ, ಅಂಗಗಳೂ ಕಡುಕಷ್ಟದ ಕಾಲವನ್ನು ನಿಶ್ಚಲವಾಗಿ ದಾಟಲು ಯತ್ನಿಸುತ್ತಿರಬಹುದು ಎಂಬುದು ಅವರ ವಾದ.

ನಮ್ಮ ಶಿಷ್ಯ ಇದನ್ನು ವಿವರಿಸುತ್ತಿರುವಾಗ ಒಳಗಿನ ಕೋಣೆಯಿಂದ ಉಮ್ಮ ಕೇಳಿಸಿಕೊಳ್ಳುತ್ತಿದ್ದರೆಂದು ನಮಗೆ ತಿಳಿದಿರಲಿಲ್ಲ. "ಕೆಂಡ ಮುಚ್ಚಿದ ಹಾಗೆ ಅಲ್ಲವಾ ಮಗನೇ?" ಎಂದರು. ಗ್ಯಾಸ್ ಬರುವ ಮುಂಚೆ ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ಮುಗಿದ ಮೇಲೆ ಉಮ್ಮ ಒಲೆಯನ್ನು ಆರಿಸುತ್ತಿರಲಿಲ್ಲ. ದೊಡ್ಡ ಕೆಂಡವೊಂದನ್ನು ಉಳಿಸಿ ಮೇಲೆ ಬೂದಿ ಎಳೆಯುತ್ತಿದ್ದರು. ಹೊರಗಿನವರು ನೋಡಿದರೆ ತಣ್ಣನೆಯ ಬೂದಿ. ಸುಬುಹಿಯ ಹೊತ್ತಿಗೆ ಬೂದಿ ಸರಿಸಿ ತೆಂಗಿನ ಗರಿಯ ಚೂರು ಇಟ್ಟು ಮೆಲ್ಲನೆ ಊದಿದರೆ ಬೆಂಕಿ ಬರುತ್ತಿತ್ತು. "ರಾತ್ರಿ ಅದನ್ನು ಕೆದಕಬಾರದು. ಕೆದಕಿ ಊದಿದರೆ ಆಗಲೇ ಒಂದು ಸಲ ಉರಿದು ಬೆಳಗ್ಗೆಗೆ ಇಲ್ಲ," ಎಂದೂ ಸೇರಿಸಿದರು. ಹುಡುಗ ನಮ್ಮ ಮುಖವನ್ನು ನೋಡಿದ.

ಏಕೆಂದರೆ ಅವನು ಮುಂದೆ ಹೇಳಬೇಕೆಂದಿದ್ದುದು ಅದೇ ಆಗಿತ್ತು. ಅಣ್ಣ ಫೋನಿನಲ್ಲಿ ಬೇಡುತ್ತಿದ್ದ ಬಲವಾದ ಮದ್ದನ್ನು ವೈದ್ಯಲೋಕ ಪ್ರಯೋಗಿಸಿ ನೋಡಿದೆ. 1994ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬ್ರಿಟನ್ನಿನ ವೈದ್ಯರ ಒಂದು ಅಧ್ಯಯನ ಬಂತು. ವಿಷಮ ಸ್ಥಿತಿಯ ರೋಗಿಗಳ ಒಂದು ಗುಂಪಿಗೆ ಡೊಬುಟಮಿನ್ ಎಂಬ ಮದ್ದಿನಿಂದ ಹೃದಯವನ್ನು ಇನ್ನಷ್ಟು ದುಡಿಸಿ, ಅಂಗಗಳಿಗೆ ಇನ್ನಷ್ಟು ಆಮ್ಲಜನಕವನ್ನು ತಳ್ಳಲಾಯಿತು. ತಲುಪಿದ್ದು ಹೆಚ್ಚಾಯಿತು, ಬಳಕೆ ಹೆಚ್ಚಾಗಲಿಲ್ಲ. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ 34 ಮಂದಿ ಆಸ್ಪತ್ರೆಯಲ್ಲಿ ತೀರಿಕೊಂಡರೆ, ಹೀಗೆ ಒತ್ತಾಯಿಸಲ್ಪಟ್ಟವರಲ್ಲಿ ಶೇ 54. ದೀರ್ಘಕಾಲ ಮಲಗಿದವರ ಸ್ನಾಯು ಕರಗದಿರಲೆಂದು ಬೆಳವಣಿಗೆಯ ಹಾರ್ಮೋನನ್ನು ಕೊಟ್ಟು ನೋಡಿದ ಯೂರೋಪಿನ ಎರಡು ಅಧ್ಯಯನಗಳ ಫಲಿತಾಂಶ 1999ರಲ್ಲಿ ಅದೇ ಪತ್ರಿಕೆಯಲ್ಲಿ ಬಂತು. ಫಿನ್ಲೆಂಡಿನ ಅಧ್ಯಯನದಲ್ಲಿ ಹಾರ್ಮೋನ್ ಪಡೆಯದವರಲ್ಲಿ ಶೇ 20, ಪಡೆದವರಲ್ಲಿ ಶೇ 39 ಮರಣ. ಹಲವು ದೇಶಗಳ ಇನ್ನೊಂದರಲ್ಲಿ ಶೇ 18ಕ್ಕೆ ಎದುರಾಗಿ ಶೇ 44. ಕೊಟ್ಟವರು ಕೆಡುಕು ಬಯಸಿದವರಲ್ಲ. ಬೂದಿಯನ್ನು ಕಂಡು ಒಲೆ ಆರಿತೆಂದು ಗಾಬರಿಗೊಂಡು ಊದಿದವರು.

ಇಲ್ಲಿ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಸಿಂಗರ್ ಅವರ ವಾದ ಇಂದಿಗೂ ವಾದವೇ. ಇದು ರಕ್ಷಣೆಯ ನಿದ್ದೆಯಲ್ಲ, ಬರಿಯ ಹಾನಿ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಆರಂಭದಲ್ಲಿ ರಕ್ಷಣೆಯಾಗಿದ್ದುದು ಹೆಚ್ಚು ದಿನ ಮುಂದುವರಿದರೆ ಹಾನಿಯಾಗಬಹುದೆನ್ನುವವರೂ ಇದ್ದಾರೆ. ಎರಡನೆಯದು ಇನ್ನೂ ಮುಖ್ಯ. ಅಂಗಗಳು ಮಲಗಿವೆಯೆಂದರೆ ನಾವೂ ಸುಮ್ಮನಿರಬಹುದೆಂದಲ್ಲ. ಸೆಪ್ಸಿಸ್‌ನಲ್ಲಿ ಆಂಟಿಬಯಾಟಿಕ್ ಎಷ್ಟು ಬೇಗ ಸಿಕ್ಕಿತೆಂಬುದು ಗಂಟೆಗಳ ಲೆಕ್ಕ. ನಾವು ಕಳೆದ ಆ ಎರಡು ದಿನಗಳನ್ನು ಬೇರೆ ಯಾವ ಮನೆಯವರೂ ಕಳೆಯದಿರಲಿ. ಜ್ವರದೊಡನೆ ನಡುಕ, ಏದುಸಿರು, ಮೂತ್ರ ಕಡಿಮೆಯಾಗುವುದು, ಮಾತು ತಡಬಡಿಸುವುದು ಕಂಡರೆ ಬೆಳಗಾಗುವುದನ್ನು ಕಾಯಬೇಡಿರಿ.

ವಿಶ್ವಾಸಿಗಳನ್ನು ಒಂದೇ ದೇಹಕ್ಕೆ ಹೋಲಿಸಿದ, ಒಂದು ಅಂಗ ನೊಂದರೆ ಇಡೀ ದೇಹವೇ ಜ್ವರದಿಂದಲೂ ನಿದ್ದೆಗೇಡಿನಿಂದಲೂ ಸ್ಪಂದಿಸುತ್ತದೆಂಬ ಆಶಯದ ಹದೀಸನ್ನು ನಾವು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿದ್ದೇವೆ. ಧರ್ಮವಚನಗಳಲ್ಲಿ ವಿಜ್ಞಾನವನ್ನು ಹುಡುಕಿ ತೆಗೆದು ಜಯಘೋಷ ಮಾಡುವವರ ಸಾಲಿಗೆ ನಾವು ಸೇರಿದವರಲ್ಲ. ಆ ಉಪಮೆ ಬಂದದ್ದು ಪರಸ್ಪರ ಮರುಕವನ್ನು ಕಲಿಸಲು. ಆದರೆ ಜ್ವರದಿಂದ ಸ್ಪಂದಿಸುವ ದೇಹವು ತನ್ನ ಸ್ಪಂದನೆಯಲ್ಲಿಯೇ ಹದ ತಪ್ಪಬಹುದೆಂಬುದನ್ನು ನಾವು ಆ ಬೆಂಚಿನಲ್ಲಿ ಕುಳಿತು ಕಲಿತೆವು. ಮೆಟ್ಟಿಲ ಬಳಿ ನಮ್ಮ ಕುಟುಂಬವೂ ಅಂದು ಹದ ತಪ್ಪಿತ್ತು.

ಉಮ್ಮ ಮನೆಗೆ ಬಂದ ಮೇಲೂ ನಾವು ಕಲಿತವರಂತೆ ನಡೆದುಕೊಳ್ಳಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಕಾಲು ನಡುಗುತ್ತಿತ್ತು. ಬಾಚಣಿಗೆ ಎತ್ತಲು ಕೈಗೆ ಬಲವಿರಲಿಲ್ಲ. "ವರದಿಗಳೆಲ್ಲ ಸರಿಯಾಗಿವೆಯಲ್ಲ, ಇನ್ನೇಕೆ ಮಲಗುತ್ತೀರಿ?" ಎಂದು ನಾವೇ ಒಮ್ಮೆ ಗದರಿದ್ದುಂಟು. ನೋಡಲು ಬಂದವರು ಸೂಪು, ಮೊಟ್ಟೆ, ಖರ್ಜೂರಗಳನ್ನು ಬಾಯಿಗೆ ತುರುಕುತ್ತಿದ್ದರು. ರಕ್ತಪರೀಕ್ಷೆ ಸರಿಹೋಗುವುದಕ್ಕೂ ಸ್ನಾಯುವಿಗೆ ಬಲ ಬರುವುದಕ್ಕೂ ನಡುವೆ ತಿಂಗಳುಗಳೇ ಬೇಕಾಗಬಹುದೆಂದು ತಿಳಿದದ್ದು ತಡವಾಗಿ. ಸಿಂಗರ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬದುಕಿ ಉಳಿದವರ ಸ್ನಾಯುಗಳಲ್ಲಿ ಹೊಸ ಮೈಟೊಕಾಂಡ್ರಿಯಗಳನ್ನು ಕಟ್ಟುವ ಸಿದ್ಧತೆ ಕಾಯಿಲೆಯ ಮೊದಲ ದಿನಗಳಲ್ಲಿಯೇ ಆರಂಭವಾಗಿದ್ದುದು ಕಂಡುಬಂದಿತ್ತು. ಅಂದರೆ ನಾವು ಪೆನ್ನು ತೆಗೆದ ಆ ಆರನೆಯ ದಿನ, ಹೊರಗಿನಿಂದ ಬರಿಯ ಬೂದಿಯಂತೆ ಕಾಣುತ್ತಿದ್ದ ಆ ದೇಹದೊಳಗೆ ಯಾರ ಕಣ್ಣಿಗೂ ಬೀಳದೆ ಒಲೆ ಕಟ್ಟುವ ಕೆಲಸ ನಡೆದಿದ್ದಿರಬಹುದು. ಇದನ್ನು ನೆನೆದಾಗ ಇಂದಿಗೂ ಕೈ ನಡುಗುತ್ತದೆ.

ಅಣ್ಣ ರಜೆಯಲ್ಲಿ ಬಂದಾಗ ಇದೆಲ್ಲವನ್ನೂ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. "ಅಷ್ಟು ದೂರದಲ್ಲಿದ್ದವನು ಬೇರೇನು ಹೇಳಲಿ?" ಎಂದರು. ಅದೂ ನಿಜವೇ.

ಉಮ್ಮನವರ ಚಿಂತೆ ಮಾತ್ರ ಬೇರೆಯದು. ಪ್ರಜ್ಞೆಯಿಲ್ಲದೆ ಮಲಗಿದ 9 ದಿನಗಳ ನಮಾಝ್ ತಪ್ಪಿಹೋಯಿತಲ್ಲ ಎಂಬುದು. ಪ್ರಜ್ಞೆ ತಪ್ಪಿದವರ ಮೇಲೆ ಆ ಅವಧಿಯ ನಮಾಝ್ ಕಡ್ಡಾಯವಿಲ್ಲ, ನಮ್ಮ ಶಾಫಿ ಮದ್‌ಹಬಿನಲ್ಲಿ ಅದನ್ನು ಮರಳಿ ನಿರ್ವಹಿಸಬೇಕಾಗಿಯೂ ಇಲ್ಲವೆಂದು ಕಿತಾಬನ್ನು ತೆರೆದೇ ವಿವರಿಸಿದೆವು. ಕಾಯಿಲೆಯವರಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟವನೇ ಇದನ್ನೂ ಕೊಟ್ಟಿದ್ದಾನೆ, ನಿಮ್ಮ ಮೂತ್ರಪಿಂಡವೇ ಆ ರಿಯಾಯಿತಿಯನ್ನು ಪಡೆದಿರುವಾಗ ನಿಮಗೇಕೆ ಸಂಕೋಚ ಎಂದು ನಗಿಸಲೂ ನೋಡಿದೆವು. ಅವರು ನಕ್ಕರು. ಆದರೆ ಮೊಮ್ಮಗಳ ಹಳೆಯ ನೋಟುಪುಸ್ತಕದಲ್ಲಿ 45 ಗೆರೆಗಳನ್ನು ಎಳೆಸಿಕೊಂಡಿದ್ದಾರೆ. ಪ್ರತಿದಿನ ಇಶಾದ ಬಳಿಕ ಕುರ್ಚಿಯಲ್ಲಿ ಕುಳಿತು ಒಂದನ್ನು ನಿರ್ವಹಿಸಿ ಒಂದು ಗೆರೆಯನ್ನು ಅಳಿಸುತ್ತಾರೆ. ದಣಿದ ದಿನ ಅಳಿಸುವುದಿಲ್ಲ. ಕಡ್ಡಾಯವಲ್ಲವೆಂದು ಮೊನ್ನೆ ಮತ್ತೊಮ್ಮೆ ಹೇಳಿದಾಗ, "ಕಡ್ಡಾಯ ಅಲ್ಲ ಅಂತ ನೀನೇ ಹೇಳಿದ್ದೀಯಲ್ಲ, ಅದಕ್ಕೇ ಅವಸರ ಮಾಡುತ್ತಿಲ್ಲ," ಎಂದರು. ಪುಸ್ತಕದಲ್ಲಿ ಇನ್ನು 17 ಗೆರೆಗಳು ಉಳಿದಿವೆ.